ಲಗ್ನಪತ್ರಿಕೆಯಲ್ಲಿ ಮಾತ್ರ ಇದ್ದ ಬಿ.ಎ.

ನವರಾತ್ರಿಗೆ ಇನ್ನು ಎರಡೇ ದಿನವಿತ್ತು. ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು ದೇವರ ಸಾಮಾನು ಉಜ್ಜುತ್ತಿದ್ದೆ. ಜೋಡಿ ದೀಪದ ಕಂಬ, ಗಂಟೆ, ಆರತಿ ತಟ್ಟೆ, ತವರಿನಿಂದ ಬಂದ ಹಿತ್ತಾಳೆ ತಂಬಿಗೆ. ಎಲ್ಲಕ್ಕೂ ನೆನೆಸಿದ ಹುಣಸೆಹಣ್ಣು ಬಳಿದು ಸಾಲಾಗಿ ಇಟ್ಟುಕೊಂಡಿದ್ದೆ. ಅಂಗಡಿಯಲ್ಲಿ ಪುಡಿ ಸಿಗುತ್ತದೆ, ಎರಡು ನಿಮಿಷದಲ್ಲಿ ಬೆಳಗುತ್ತದೆ ಎಂದು ಮಗಳು ಹೇಳುತ್ತಾಳೆ. ರಸಾಯನಶಾಸ್ತ್ರ ಓದುವವಳು, ಆ ಪುಡಿಯಲ್ಲಿ ಏನೇನು ಬೆರೆಸಿರುತ್ತಾರೆ ಎಂದೂ ಅವಳೇ ಹೇಳುತ್ತಾಳೆ. ನನಗೆ ಹುಣಸೆಹಣ್ಣೇ ಸರಿ. ಕೈ ಉಜ್ಜುತ್ತಿರುತ್ತದೆ, ಬಾಯಿ ಶಿವನ ಹೆಸರು ಹೇಳುತ್ತಿರುತ್ತದೆ, ತಲೆಗೆ ಸ್ವಲ್ಪ ಬಿಡುವು.

ಆಗ ನಮ್ಮ ಯಜಮಾನರು ಫೋನು ಕೈಯಲ್ಲಿ ಹಿಡಿದುಕೊಂಡೇ ಹಿತ್ತಲಿಗೆ ಬಂದರು. ಅವರದು ಗೊಬ್ಬರ, ಔಷಧಿ ಅಂಗಡಿ. ಹತ್ತೂವರೆಗೆ ಬಾಗಿಲು ತೆಗೆಯುವ ಮನುಷ್ಯ ಹತ್ತಾದರೂ ಚಪ್ಪಲಿ ಹಾಕಿರಲಿಲ್ಲ. ಮುಖದ ತುಂಬ ನಗು.

"ಕೇಳೇ ಇಲ್ಲಿ. ಬೀಗರ ಫೋನು. ಮುಹೂರ್ತ ಸಿಕ್ತಂತೆ, ಕಾರ್ತಿಕದಲ್ಲೇ. ಹೊಳೆಹೊನ್ನೂರಲ್ಲಿ ಮಂಟಪ ಆ ಎರಡು ದಿನ ಬಿಟ್ರೆ ಖಾಲಿ ಇಲ್ವಂತೆ. ಹಿಡಿದೂ ಆಯ್ತಂತೆ."

ಮಗಳಿಗೆ ನಿಶ್ಚಿತಾರ್ಥವಾಗಿ ಆಗ ಎರಡು ತಿಂಗಳು. ಹುಡುಗ ಚನ್ನಗಿರಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾನೆ, ಅವನ ಅಪ್ಪ ಅಮ್ಮ ಹೊಳೆಹೊನ್ನೂರಿನವರು. ಒಳ್ಳೆಯ ಮನೆತನ, ಹುಡುಗನ ಮೇಲೂ ನನಗೆ ದೂರಿಲ್ಲ. ತಾರೀಖು ಯಾವುದು ಎಂದು ಕೇಳಿದೆ. ಹೇಳಿದರು. ನನ್ನ ಕೈ ಗಂಟೆಯ ಮೇಲೆ ಹಾಗೇ ನಿಂತಿತು.

ಮಗಳ ಪರೀಕ್ಷೆಯ ವೇಳಾಪಟ್ಟಿ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿತ್ತು. ದಿನಕ್ಕೆ ಹತ್ತು ಸಲ ಹಾಲು ತೆಗೆಯಲು, ಮೊಸರು ಇಡಲು ಅದರ ಮುಂದೆ ನಿಲ್ಲುವವಳು ನಾನು. ನನಗೆ ಅದು ಬಾಯಿಪಾಠ. ಎಂ.ಎಸ್ಸಿ. ಕೊನೆಯ ಸೆಮಿಸ್ಟರು. ಇವರು ಹೇಳಿದ ದಿನಗಳಲ್ಲಿ ಅರಿಶಿನದ ಶಾಸ್ತ್ರದ ದಿನ ಒಂದು ಪೇಪರು, ಮದುವೆಯ ಮಾರನೆಯ ದಿನ ಇನ್ನೊಂದು.

"ಅವಳ ಪರೀಕ್ಷೆ?" ಎಂದೆ.

"ಅದನ್ನೂ ಕೇಳ್ದೆ. ಆಮೇಲೆ ಬರೀಲಿ, ಪರೀಕ್ಷೆ ಏನ್ ಓಡಿಹೋಗುತ್ತಾ ಅಂದ್ರು. ಪತ್ರಿಕೆಲಿ ಎಂ.ಎಸ್ಸಿ. ಅಂತಲೇ ಹಾಕ್ಸೋಣ, ಯಾರು ಬಂದು ಕೇಳ್ತಾರೆ ಅಂತಾನೂ ಅಂದ್ರು. ಒಳ್ಳೆ ಜನ ಮಾರಾಯ್ತಿ. ಬೇರೆಯವ್ರಾಗಿದ್ರೆ ಓದೇ ನಿಲ್ಸಿ ಅಂತಿದ್ರು."

ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅಷ್ಟರಲ್ಲಿ ಮುಂಬಾಗಿಲ ಗಂಟೆ ಹೊಡೆಯಿತು.

ಬಂದವರು ಸಮೀಕ್ಷೆಯ ಮೇಡಂ. ಸರ್ಕಾರಿ ಶಾಲೆಯ ಟೀಚರು, ಹೆಗಲಿಗೆ ಚೀಲ, ಕೈಯಲ್ಲಿ ಮೊಬೈಲು. ವಾರದ ಹಿಂದೆ ಯಾರೋ ಬಂದು ನಮ್ಮ ಕರೆಂಟು ಮೀಟರಿನ ಪಕ್ಕ ಒಂದು ಚೀಟಿ ಅಂಟಿಸಿ ಹೋಗಿದ್ದರು. ಮನೆಮನೆಗೆ ಬಂದು ಎಲ್ಲರ ವಯಸ್ಸು, ಜಾತಿ, ಓದು, ಕೆಲಸ ಬರೆದುಕೊಳ್ಳುತ್ತಾರೆ ಎಂದು ಅಕ್ಕಪಕ್ಕದವರು ಹೇಳಿದ್ದರು. ವಿದ್ಯಾನಗರದಲ್ಲಿ ನಮ್ಮ ಬೀದಿಯ ಸರದಿ ಅಂದಿತ್ತು. ಆ ಯಮ್ಮ ಬೆಳಿಗ್ಗೆಯಿಂದ ತಿರುಗಿ ಬೆವರಿದ್ದರು. ನಾನು ಕೈ ತೊಳೆದು ಮಜ್ಜಿಗೆ ತಂದುಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಯಜಮಾನರು ಸೋಫಾದಲ್ಲಿ ಎದುರು ಕೂತರು. ಅತ್ತೆ ಕಿಟಕಿಯ ಪಕ್ಕದ ತಮ್ಮ ಕುರ್ಚಿಯಲ್ಲಿದ್ದರು.

ನಮ್ಮಲ್ಲಿ ಇದು ಯಾವಾಗಲೂ ಹೀಗೆಯೇ. ಯಾರೇ ಬರೆದುಕೊಳ್ಳಲು ಬರಲಿ, ಹೇಳುವವರು ಗಂಡಸರು. ಹೆಂಗಸರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತೇವೆ. ನಮ್ಮ ವಯಸ್ಸನ್ನೂ ಅವರೇ ಹೇಳುತ್ತಾರೆ, ಒಂದೆರಡು ವರ್ಷ ಹೆಚ್ಚೋ ಕಮ್ಮಿಯೋ ಆದರೆ ಅಲ್ಲಿಂದಲೇ ತಿದ್ದುತ್ತೇವೆ.

ಯಜಮಾನರದು ಬಿ.ಕಾಂ. ಎರಡು ಸಲ ಕಟ್ಟಿ ಪಾಸಾಗಿದ್ದು, ಆ ಮಾತು ಅವರು ಹೇಳಲಿಲ್ಲ, ಮೇಡಮ್ಮೂ ಕೇಳಲಿಲ್ಲ. ಆಮೇಲೆ ಅತ್ತೆಯ ಸರದಿ.

"ಅವ್ರದೇನಿಲ್ಲ ಬಿಡಿ ಮೇಡಂ. ಅನಕ್ಷರಸ್ಥರು ಅಂತ ಹಾಕ್ಕೊಳ್ಳಿ," ಎಂದರು ಯಜಮಾನರು.

ಅತ್ತೆಯ ಕೋಲು ನೆಲಕ್ಕೆ ಕುಟ್ಟಿತು.

"ಯಾರೋ ಅನಕ್ಷರಸ್ಥರು? ನಿಂಗೆ ಅಕ್ಷರ ತಿದ್ದಿಸಿದ್ದು ಯಾರು, ನಿಮ್ಮಪ್ಪನಾ? ನಾಲ್ಕನೇ ಕ್ಲಾಸು ಓದಿದೀನಿ ನಾನು. ಪಾಸು! ಐದನೇದಕ್ಕೆ ಕಳಿಸ್ಲಿಲ್ಲ, ಅಷ್ಟೇ. ಪಾಸು ಅಂತ ಬರ್ಕೊಳವ್ವ ನೀನು. ಫೇಲಲ್ಲ."

ಮೇಡಂ ನಕ್ಕು, "ಬರ್ಕೊಂಡೆ ಅಜ್ಜಿ," ಎಂದರು.

"ಎಲ್ಲಿ, ತೋರ್ಸು."

ಮೇಡಂ ಎದ್ದು ಹೋಗಿ ಮೊಬೈಲು ತೋರಿಸಿದರು. ಅತ್ತೆಗೆ ಕನ್ನಡಕವಿಲ್ಲದೆ ಎದುರಿನ ಗೋಡೆಯೇ ಕಾಣುವುದಿಲ್ಲ. ಆದರೂ ಕಣ್ಣು ಕಿರಿದು ಮಾಡಿ ಪೂರ್ತಿ ನೋಡಿದವರ ಹಾಗೆ ನೋಡಿ, "ಹ್ಞಾಂ, ಸರಿ ಇದೆ," ಎಂದರು.

ನನಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಎಂಬತ್ತು ದಾಟಿದ ಹೆಂಗಸು ತನ್ನ ನಾಲ್ಕನೇ ಕ್ಲಾಸಿಗಾಗಿ ಕೋಲು ಕುಟ್ಟುತ್ತಾರೆ. ಯಾಕೆಂದರೆ ಅದು ಅವರದ್ದು. ಓದಿದ್ದಾರೆ, ಬರೆದಿದ್ದಾರೆ, ಪಾಸಾಗಿದ್ದಾರೆ.

"ಇವ್ರು ನಮ್ಮ ಮನೆಯವ್ರು. ಬಿ.ಎ.," ಎಂದರು ಯಜಮಾನರು, ನನ್ನ ಕಡೆ ತಿರುಗದೆ.

ಮೇಡಂ ಅವರ ಬೆರಳು ಮೊಬೈಲಿನ ಮೇಲೆ ಇಳಿಯುತ್ತಿತ್ತು.

"ಮೇಡಂ, ಒಂದ್ನಿಮಿಷ," ಎಂದೆ. "ನಂದು ಪಿ.ಯು.ಸಿ. ಅಂತ ಹಾಕಿ."

ಹುಣಸೆಹಣ್ಣಿನ ವಾಸನೆಯ ನನ್ನ ಕೈ ಸೆರಗಿನಲ್ಲಿತ್ತು.

"ಏನೇ ಇದು? ತಮಾಷೆ ಮಾಡ್ತಿದಾಳೆ ಮೇಡಂ. ಲಗ್ನಪತ್ರಿಕೆಲೇ ಇದೆ ಬಿ.ಎ. ಅಂತ. ಬೇಕಾದ್ರೆ ತಂದು ತೋರಿಸ್ತೀನಿ."

"ಲಗ್ನಪತ್ರಿಕೆ ಸರ್ಟಿಫಿಕೇಟ್ ಆಗಲ್ಲ ಸರ್," ಎಂದರು ಮೇಡಂ, ನಗದೆ. ನನ್ನ ಕಡೆ ತಿರುಗಿ, "ಮುಗಿದಿಲ್ವಾ ಮೇಡಂ?" ಎಂದು ಕೇಳಿದರು.

"ಇಲ್ಲ. ಎರಡು ಪೇಪರ್ ಬರೀಲಿಲ್ಲ."

ಇಪ್ಪತ್ತಾರು ವರ್ಷದಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬಹಳ ಸಣ್ಣ ಮಾತು. ಹೇಳಿ ಮುಗಿಸಲು ಮೂರು ಉಸಿರು ಕೂಡ ಹಿಡಿಯಲಿಲ್ಲ.

ನನ್ನ ತವರು ಭದ್ರಾವತಿ. ಅಪ್ಪ ಕಾರ್ಖಾನೆಯಲ್ಲಿದ್ದರು, ನಾವು ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಸಾಲಿನಲ್ಲಿ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು. ಕಾಲೇಜು ಮನೆಯಿಂದ ಹತ್ತು ನಿಮಿಷದ ನಡಿಗೆ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದಿದೆ. ಮೊದಲೆರಡು ವರ್ಷ ಒಂದೂ ಉಳಿಸಿಕೊಳ್ಳದೆ ಪಾಸಾದೆ. ಮೂರನೆಯ ವರ್ಷ ಸಂಬಂಧ ಬಂತು, ಶಿವಮೊಗ್ಗದವರು, ಅಂಗಡಿ ಇದ್ದವರು. ಅಪ್ಪನಿಗೆ ಕೈ ಬಿಡಲು ಮನಸ್ಸಾಗಲಿಲ್ಲ. ಮುಹೂರ್ತ ವೈಶಾಖದಲ್ಲಿ, ಪರೀಕ್ಷೆಯ ಮಧ್ಯಕ್ಕೆ ಬಂತು. ಆಮೇಲೆ ಬರೆಯಲಿ, ಪರೀಕ್ಷೆ ಏನು ಓಡಿಹೋಗುತ್ತದೆಯೇ ಎಂದು ಆಗಲೂ ಅಂದರು. ನಮ್ಮ ಮಾವನವರ ಮಾತು ಅದು. ಈಗ ಬೀಗರು ಅದನ್ನೇ ಹೇಳಿದಾಗ ಯಜಮಾನರಿಗೆ ನೆನಪಾಗಲಿಲ್ಲ, ನನಗೆ ಮಾವನವರ ದನಿಯೇ ಕೇಳಿಸಿತು.

ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಹುಡುಗ ಹುಡುಗಿಯ ಹೆಸರಿನ ಮುಂದೆ ಓದು ಹಾಕಿಸುತ್ತಾರೆ. ಹುಡುಗ ಬಿ.ಕಾಂ. ಆಗಿ ಹುಡುಗಿಯ ಮುಂದೆ ಏನೂ ಇಲ್ಲದಿದ್ದರೆ ನೋಡಲು ಚೆನ್ನಾಗಿರುವುದಿಲ್ಲ ಎಂದು ಅಪ್ಪ ಬಿ.ಎ. ಹಾಕಿಸಿದರು. ಪರೀಕ್ಷೆ ಶುರುವಾಗುವ ಮೊದಲೇ ನನ್ನ ಬಿ.ಎ. ಅಚ್ಚಾಯಿತು. ಅರಿಶಿನದ ಬಣ್ಣದ ಕಾಗದ, ಕೆಂಪು ಅಕ್ಷರ. ಅಪ್ಪ ಮೊದಲ ಪ್ರತಿಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಟ್ಟರು. ನಾನು ಅದನ್ನು ಕೈಗೆತ್ತಿಕೊಂಡು ಓದಿ ಖುಷಿಪಟ್ಟೆ. ಸುಳ್ಳು ಹೇಳುವುದಿಲ್ಲ, ಬಹಳ ಖುಷಿಪಟ್ಟೆ. ಅಲ್ಲಿಂದ ಮುಂದೆ ಮನೆಯವರೆಲ್ಲರ ಮನಸ್ಸಿನಲ್ಲಿ ನನ್ನ ಓದು ಮುಗಿದೇ ಹೋಯಿತು. ಮುದ್ರಣವಾದ ಮೇಲೆ ಇನ್ನೇನು ಉಳಿದಿದೆ?

ನಾಲ್ಕು ಪೇಪರು ಬರೆದೆ. ಐದನೆಯದು ಅರಿಶಿನದ ದಿನ. ಬೆಳಿಗ್ಗೆ ಶಾಸ್ತ್ರವಾಯಿತು. ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಅರಿಶಿನ ಹಚ್ಚಿದ ಮೇಲೆ ಮದುಮಗಳು ಹೊಸಿಲು ದಾಟಬಾರದು ಎಂದು ಅಜ್ಜಿ ಮೊದಲೇ ಹೇಳಿದ್ದರು. ದಾಟಿದರೆ ಏನಾಗುತ್ತದೆ ಎಂದು ಅವರು ಹೇಳಲಿಲ್ಲ, ಹೇಳದೆ ಇದ್ದದ್ದರಿಂದಲೇ ಹೆದರಿಕೆ ಹೆಚ್ಚಾಗಿತ್ತು. ನಾನು ಹಿಂದಿನ ಕೋಣೆಯಲ್ಲಿ ಕೂತಿದ್ದೆ. ಹಾಲ್ ಟಿಕೆಟ್ಟು ಟ್ರಂಕಿನಲ್ಲಿತ್ತು. ಊಟದ ಗದ್ದಲ ಮುಗಿದು ಎಲ್ಲರೂ ಅಡ್ಡಾಗಿದ್ದರು. ಪಕ್ಕದ ಮನೆಯ ತಮಿಳಿನ ಅಕ್ಕ ಹೂವು ಕೊಡುವ ನೆಪದಲ್ಲಿ ಬಂದು ಕಿವಿಯಲ್ಲಿ ಹೇಳಿದಳು.

"ಹಿತ್ತಲ್ ಬಾಗಿಲ್ ತೆರ್ದಿದೆ ಮಾ. ಹೋಗಿ ಬರ್ದ್‌ಬಿಟ್ಟು ಬಾ. ಕೇಳಿದ್ರೆ ನಮ್ಮನೇಲಿ ಮಲ್ಗಿದಾಳೆ ಅಂತೀನಿ. ಮೂರು ಗಂಟೆ ತಾನೆ?"

ಹಿತ್ತಲ ಬಾಗಿಲು ನನ್ನಿಂದ ನಾಲ್ಕು ಹೆಜ್ಜೆ. ಯಾರೂ ನನ್ನ ಕೈ ಹಿಡಿದಿರಲಿಲ್ಲ. ಕೋಣೆಗೆ ಬೀಗ ಹಾಕಿರಲಿಲ್ಲ. ಎರಡು ಗಂಟೆಯ ಸೈರನ್ ಕೂಗಿತು. ಭದ್ರಾವತಿಯಲ್ಲಿ ಪಾಳಿ ಬದಲಾಗುವ ಆ ಸೈರನ್ನಿಗೆ ಇಡೀ ಊರು ಗಡಿಯಾರ ಹೊಂದಿಸುತ್ತಿತ್ತು. ಕಾಲೇಜಿನಲ್ಲಿ ಈಗ ಪ್ರಶ್ನೆಪತ್ರಿಕೆ ಕೊಡುತ್ತಾರೆ ಎಂದುಕೊಂಡೆ. ಎದ್ದೆ. ಮತ್ತೆ ಕೂತೆ. ಮುಖದ ಮೇಲಿನ ಅರಿಶಿನ ಒಣಗಿ ಬಿಗಿಯುತ್ತಿತ್ತು. ನಾನು ಹೊಸಿಲು ದಾಟಿ, ಗಂಡನಾಗುವವರಿಗೆ ಏನಾದರೂ ಆದರೆ? ದೇವರು ಮುನಿದರೆ? ತಮಿಳಿನ ಅಕ್ಕ ಸ್ವಲ್ಪ ಹೊತ್ತು ನೋಡಿ, "ಸರಿ ಮಾ, ನಿನ್ ಇಷ್ಟ," ಎಂದು ಹೂವು ಇಟ್ಟು ಹೋದಳು. ಬೇರೆ ಯಾರನ್ನು ಬೇಕಾದರೂ ದೂರಬಹುದು, ದೂರಿದ್ದೇನೆ ಕೂಡ. ಆ ಮಧ್ಯಾಹ್ನ ಹೆದರಿದವಳು ನಾನು.

ಆರನೆಯ ಪೇಪರಿನ ದಿನ ನಾನು ಶಿವಮೊಗ್ಗದಲ್ಲಿ ಹೊಸ ಸೊಸೆಯಾಗಿ ಹೋಳಿಗೆ ಬಡಿಸುತ್ತಿದ್ದೆ. ಮರುವರ್ಷ ಬಸುರಿ, ಆ ಮಗು ಉಳಿಯಲಿಲ್ಲ. ಅದಾದ ಮೇಲೆ ಮಗಳು. ಅವಳು ಎರಡನೆಯ ಕ್ಲಾಸಿಗೆ ಹೋಗುವಾಗ ಒಂದು ದಿನ ಕಾಲೇಜಿಗೆ ಹೋಗಿ ವಿಚಾರಿಸಿದೆ. ಹಳೆಯ ಪಠ್ಯಕ್ರಮದವರಿಗೆ ಕೊಟ್ಟ ಅವಕಾಶ ಮುಗಿದಿದೆ ಎಂದರು. ಗುಮಾಸ್ತರು ಒಳ್ಳೆಯವರು, ನೀರು ಕೊಟ್ಟು ಕೂರಿಸಿ ಹೇಳಿದರು. ಅದೊಂದು ಪುಣ್ಯ, ನಿಲ್ಲಿಸಿ ಹೇಳಿದ್ದರೆ ಬಿದ್ದುಬಿಡುತ್ತಿದ್ದೆ.

ಯಜಮಾನರಿಗೆ ಇದೆಲ್ಲ ಗೊತ್ತಿತ್ತು. ಮರೆತಿದ್ದರು. ಮರೆಯುವುದು ಅವರಿಗೆ ಸುಲಭವಿತ್ತು, ಯಾಕೆಂದರೆ ನಾನು ನೆನಪಿಸಲಿಲ್ಲ. ಬಡಾವಣೆಯ ಮಹಿಳಾ ಸಂಘದಲ್ಲಿ, "ಬಿ.ಎ. ಆದವ್ರು ನೀವೇ ಬರೀರಿ," ಎಂದು ನಡಾವಳಿ ಪುಸ್ತಕ ನನ್ನ ಮುಂದೆ ತಳ್ಳಿದಾಗ ಪೆನ್ನು ತೆಗೆದುಕೊಂಡೆ. ಮಗಳ ಶಾಲೆಯ ಅರ್ಜಿಯಲ್ಲಿ ತಾಯಿಯ ವಿದ್ಯಾಭ್ಯಾಸ ಎಂಬ ಕಡೆ ನನ್ನ ಕೈಯಿಂದಲೇ ಬಿ.ಎ. ಬರೆದೆ. ದಿನವೂ ಹಣೆಗೆ ವಿಭೂತಿ ಇಟ್ಟುಕೊಂಡು, ದೇವರ ಮುಂದೆ ಕಣ್ಣು ಮುಚ್ಚಿ, ಈ ಒಂದು ಸುಳ್ಳನ್ನು ಇಪ್ಪತ್ತಾರು ವರ್ಷ ಸಾಕಿದೆ.

ಸಮೀಕ್ಷೆಯ ಮೇಡಂ ನನ್ನ ಕಾಲಂ ತಿದ್ದಿಕೊಂಡರು. ಜಿಲ್ಲೆಯ ಲೆಕ್ಕದಲ್ಲಿ ಪದವೀಧರರು ಒಬ್ಬರು ಕಮ್ಮಿಯಾದರು. ಆಗಲಿ. ಎಲ್ಲೋ ದೊಡ್ಡ ಕಚೇರಿಯಲ್ಲಿ ಕೂತವರು ಈ ಊರಲ್ಲಿ ಎಷ್ಟು ಹೆಂಗಸರು ಎಷ್ಟು ಓದಿದ್ದಾರೆ ಎಂದು ಕೂಡಿಸುವಾಗ, ನನ್ನ ಪಾಲಿನದ್ದಾದರೂ ನಿಜವಿರಲಿ.

"ಮಗಳದ್ದು?" ಎಂದರು ಮೇಡಂ.

ಯಜಮಾನರು ಬಾಯಿ ತೆರೆದು ನನ್ನ ಮುಖ ನೋಡಿದರು.

"ಬಿ.ಎಸ್ಸಿ. ಪಾಸು. ಎಂ.ಎಸ್ಸಿ. ಓದ್ತಿದಾಳೆ," ಎಂದೆ. "ಓದ್ತಿದಾಳೆ ಅಂತಲೇ ಹಾಕಿ."

ಮೇಡಂ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ನನಗೊಬ್ಬಳಿಗೆ ಕೇಳುವ ಹಾಗೆ ಅಂದರು: "ಎಷ್ಟೋ ಮನೇಲಿ ಹೆಂಗಸ್ರದ್ದು ಗಂಡಸ್ರೇ ಹೇಳ್ಬಿಡ್ತಾರೆ ಮೇಡಂ. ನಾವು ಅವ್ರು ಹೇಳಿದ್ದು ಹಾಕ್ಕೊಂಡು ಮುಂದಿನ ಮನೆಗೆ ಹೋಗ್ತೀವಿ. ಏನ್ ಮಾಡೋದು, ಇನ್ನೂ ಇಡೀ ಬೀದಿ ಬಾಕಿ." ಆಮೇಲೆ, "ಈಗ ಮನೇಲೇ ಕೂತು ಡಿಗ್ರಿ ಮಾಡ್ಬೋದು, ಹೊಸದಾಗಿ ಕಟ್ಟಿ," ಎಂದೂ ಸೇರಿಸಿದರು. ನೋಡೋಣ ಎಂದೆ. ಈಗಲೂ ಅಷ್ಟೇ ಹೇಳುತ್ತೇನೆ. ಆ ದಿನ ನನಗೆ ಬೇಕಾಗಿದ್ದುದು ಬೇರೆ.

ಬಾಗಿಲು ಮುಚ್ಚಿದ್ದೇ ತಡ, ಯಜಮಾನರು ಶುರು ಮಾಡಿದರು.

"ಇರೋ ಮಾನ ಎಲ್ಲ ತೆಗೆದ್ಯಲ್ಲೇ."

"ಯಾರ ಮುಂದೆ? ಆ ಯಮ್ಮನ ಮುಂದೆನಾ? ಅವ್ರು ಆಗ್ಲೇ ಪಕ್ಕದ ಮನೇಲಿದಾರೆ."

"ಇಷ್ಟು ವರ್ಷ ಇಲ್ಲದ್ದು ಇವತ್ತೇನು?"

"ಇವತ್ತು ನೀವು ಅದೇ ಪತ್ರಿಕೆನ ಇನ್ನೊಂದ್ಸಲ ಅಚ್ಚು ಹಾಕ್ಸಕ್ಕೆ ಹೊರಟಿದೀರಿ. ಅದಕ್ಕೆ."

ಅವರು ಹೋಗಿ ಸೋಫಾದಲ್ಲಿ ಕೂತರು. ಕೆಟ್ಟ ಮನುಷ್ಯರಲ್ಲ. ಕೈ ಎತ್ತಿದವರಲ್ಲ, ಒಂದು ದಿನವೂ ನನ್ನ ಓದನ್ನು ಆಡಿಕೊಂಡವರಲ್ಲ. ಆದರೆ ಮಂಟಪ ಹಿಡಿದಾಗಿದೆ ಎನ್ನುವುದು ಅವರಿಗೆ ಶಿವನೇ ಬರೆದ ಹಾಗೆ. ಸ್ವಲ್ಪ ಹೊತ್ತಿನ ಮೇಲೆ, "ಬೀಗರಿಗೆ ಏನಂತ ಹೇಳ್ಲಿ? ಸಂಬಂಧ ಮುರಿದ್ರೆ ಯಾರು ಹೊಣೆ?" ಎಂದರು.

"ನಾನು ಹೇಳ್ತೀನಿ. ಮುರಿದ್ರೂ ನಾನೇ ಹೊಣೆ."

ಅಲ್ಲಿಯವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದ ಅತ್ತೆ ಕೇಳಿದರು: "ಎರಡು ಪೇಪರ್ ಬಿಟ್ಟಿದ್ಯಾ? ಮದುವೆಗೆ?"

"ಹೌದು ಅತ್ತೆ. ಒಂದು ಅರಿಶಿನದ ದಿನಾನೇ ಇತ್ತು."

"ನಂಗ್ಯಾರೂ ಹೇಳ್ಲೇ ಇಲ್ವಲ್ಲೋ." ಮಗನ ಕಡೆ ಒಂದು ನೋಟ. "ಅರಿಶಿನ ಹಚ್ಚಿದ್ಮೇಲೆ ದಾಟಬಾರ್ದು, ಅದು ಹೌದು. ಅದನ್ನ ನಾನೂ ಬಿಡಲ್ಲ. ಹಂಗಾದ್ರೆ ಪರೀಕ್ಷೆ ಮುಗಿದ್ಮೇಲೆ ಹಚ್ಚಿ. ಅರಿಶಿನ ಏನ್ ಓಡಿಹೋಗುತ್ತಾ?"

ನನ್ನ ಮನಸ್ಸಿನಲ್ಲಿ ಇಪ್ಪತ್ತಾರು ವರ್ಷ ಗಂಟಾಗಿದ್ದುದನ್ನು ಆ ನಾಲ್ಕನೇ ಕ್ಲಾಸು ಪಾಸಾದ ಹೆಂಗಸು ಒಂದು ಮಾತಿನಲ್ಲಿ ಬಿಡಿಸಿದರು. ನನಗೆ ಅವರಷ್ಟು ಪದ್ಧತಿಯ ಮೇಲೆ ಭಕ್ತಿ ಉಳಿದಿಲ್ಲ. ಮುಖಕ್ಕೆ ಅರಿಶಿನ ಹಚ್ಚಿಕೊಂಡ ಹುಡುಗಿ ಹತ್ತು ನಿಮಿಷ ನಡೆದು ಹೋಗಿ ಮೂರು ಗಂಟೆ ಬರೆದು ಬಂದರೆ ಮುನಿಯುವಷ್ಟು ಸಣ್ಣವನಲ್ಲ ನನ್ನ ಶಿವ. ಇದನ್ನು ನಾನು ಬಹಳ ವರ್ಷ ಅವನ ಎದುರು ಕೂತ ಮೇಲೆ ತಿಳಿದುಕೊಂಡೆ. ಆದರೆ ಅದನ್ನು ಅತ್ತೆಗೆ ಹೇಳಲಿಲ್ಲ. ಅವರು ನನ್ನ ಕಡೆ ಬಂದದ್ದೇ ಸಾಕಿತ್ತು.

ಬೀಗರಿಗೆ ಫೋನು ಮಾಡುವ ಮೊದಲು ಮಗಳಿಗೆ ಮಾಡಿದೆ. ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಅವಳನ್ನು ಕೇಳದೆ ಅವಳ ಪರವಾಗಿ ಹಾರಾಡಿದರೆ ಏನು ಬಂತು? ಅವಳು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿದ್ದಳು, ಹೊರಗೆ ಬಂದು ಮಾತಾಡಿದಳು. ತಾರೀಖು ಹೇಳಿದೆ.

"ಅಮ್ಮಾ, ನಾನು ಅಪ್ಪಂಗೆ ಹೇಳಿದ್ದೆ, ಡೇಟ್ ನೋಡ್ಕೊಂಡು ಮಾತಾಡಿ ಅಂತ," ಎಂದಳು.

"ಅದಿರ್ಲಿ. ನಿಂಗೇನ್ ಬೇಕೇ? ನೀನು ಹೇಳು."

"ನಂಗೆ ಎಕ್ಸಾಮೂ ಬರೀಬೇಕು, ಮದುವೆನೂ ಆಗ್ಬೇಕು. ಎರಡೂ ಆಸೆ ಪಟ್ರೆ ತಪ್ಪಾ?"

"ತಪ್ಪೇನಿಲ್ಲ. ಲ್ಯಾಬಿಗೆ ಹೋಗು. ಮಧ್ಯಾಹ್ನ ಡಬ್ಬಿ ಪೂರ್ತಿ ಉಣ್ಣು."

ಆಮೇಲೆ ಬೀಗಿತ್ತಿಗೆ ಫೋನು. ಹುಡುಗನ ಅಮ್ಮ ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಅಕ್ಕ ಎಂದು ಕರೆಯುತ್ತೇನೆ. ಅವರು ಖುಷಿಯಲ್ಲಿದ್ದರು. ಮಂಟಪದ ಅಡುಗೆ ಭಟ್ಟರ ವಿಷಯ ಶುರು ಮಾಡುವವರನ್ನು ತಡೆದು ಹೇಳಿದೆ: "ಅಕ್ಕಾ, ತಪ್ಪು ತಿಳ್ಕೋಬೇಡಿ. ಆ ದಿನ ಆಗಲ್ಲ. ಮಗಳ ಪರೀಕ್ಷೆ ಇದೆ."

"ಅಯ್ಯೋ ಅದಾ! ಅಣ್ಣಾರ ಹತ್ರ ನಮ್ಮನೆಯವ್ರು ಆಗ್ಲೇ ಮಾತಾಡಿದಾರಲ್ಲ. ಆಮೇಲೆ ಬರೀಲಿ. ನಾವೇನು ಬೇಡ ಅಂತೀವಾ?"

"ಬೇಡ ಅನ್ನಲ್ಲ ಅಕ್ಕಾ, ಗೊತ್ತು. ನಂಗೂ ಯಾರೂ ಬೇಡ ಅನ್ನಲಿಲ್ಲ."

"ಪತ್ರಿಕೆಲಿ ಎಂ.ಎಸ್ಸಿ. ಅಂತ ಚೆನ್ನಾಗಿ ದಪ್ಪ ಅಕ್ಷರದಲ್ಲಿ ಹಾಕ್ಸೋಣ ಮಾರಾಯ್ತಿ. ಮದುವೆಗೆ ಬಂದವ್ರು ಊಟ ಮಾಡ್ತಾರಾ, ಮಾರ್ಕ್ಸ್ ಕಾರ್ಡ್ ಕೇಳ್ತಾರಾ?"

"ಕೇಳ್ತಾರೆ ಅಕ್ಕಾ. ಇವತ್ತು ಬೆಳಿಗ್ಗೆ ಬಂದು ಕೇಳಿದ್ರು. ಇಪ್ಪತ್ತಾರು ವರ್ಷ ಆದ್ಮೇಲೆ."

ನಾನು ನಿಲ್ಲಿಸಿದರೆ ಮತ್ತೆ ಶುರು ಮಾಡಲು ಧೈರ್ಯ ಬರುವುದಿಲ್ಲ ಎಂದು ಗೊತ್ತಿತ್ತು, ಎಲ್ಲವನ್ನೂ ಹೇಳಿಬಿಟ್ಟೆ. ಪತ್ರಿಕೆ, ಅರಿಶಿನ, ಎರಡು ಪೇಪರು. ನಿಶ್ಚಿತಾರ್ಥದ ದಿನ ನೀವು ನೆಂಟರಿಗೆಲ್ಲ ಹುಡುಗಿಯ ತಾಯಿನೂ ಬಿ.ಎ. ಎಂದು ಪರಿಚಯ ಮಾಡಿಸಿದಿರಿ, ನಾನು ತಲೆ ತಗ್ಗಿಸಿ ನಿಂತೆ, ನಾಚಿಕೆ ಅಂದುಕೊಂಡಿರಿ, ಅದು ನಾಚಿಕೆಯಲ್ಲ ಎಂದೂ ಹೇಳಿದೆ.

"ಅಂದ್ರೆ ನೀವು ಬಿ.ಎ. ಅಲ್ವಾ?" ಬೀಗಿತ್ತಿಯ ದನಿ ಬದಲಾಗಿತ್ತು.

"ಅಲ್ಲ. ಪಿ.ಯು.ಸಿ. ಸುಳ್ಳು ಹೇಳಿದ ಮನೆ ಅನ್ಸಿದ್ರೆ ಈಗ್ಲೇ ಹೇಳಿ, ನಾವು ಬೇಜಾರು ಮಾಡ್ಕೊಳಲ್ಲ. ಆದ್ರೆ ಮಗಳು ಎರಡು ಪೇಪರ್ ಬಿಟ್ಟು ಹಸೆಗೆ ಕೂರಲ್ಲ. ಮದುವೆ ಪರೀಕ್ಷೆ ಮುಗಿದ್ಮೇಲೆ. ರಿಸಲ್ಟ್ ಬರೋತನಕ ಪತ್ರಿಕೆಲಿ ಎಂ.ಎಸ್ಸಿ. ಹಾಕ್ಸೋದೂ ಇಲ್ಲ."

"ಎಷ್ಟು ಖಡಕ್ಕಾಗಿ ಹೇಳ್ತೀರಪ್ಪ! ಮಂಟಪಕ್ಕೆ ಅಡ್ವಾನ್ಸ್ ಕೊಟ್ಟಿದೀವಿ. ಕಾರ್ತಿಕ ಬಿಟ್ರೆ ಧನುರ್ಮಾಸ. ಮಗನ ಹತ್ರ, ಇವ್ರ ಹತ್ರ ಕೇಳಿ ಹೇಳ್ತೀನಿ," ಎಂದು ಫೋನು ಇಟ್ಟರು. ಇಡುವ ಮೊದಲು ಬರುತ್ತೇನೆ ಎನ್ನಲಿಲ್ಲ.

ಯಜಮಾನರು ಅಂಗಡಿಗೆ ಹೋಗಲೇ ಇಲ್ಲ. ಹಾಲಿನಲ್ಲಿ ಕೂತು ಕ್ಯಾಲೆಂಡರಿನ ಹಾಳೆ ಹಿಂದೆ ಮುಂದೆ ಮಾಡುತ್ತಿದ್ದರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು, ಆಮೇಲೆ ಎರಡು ಸಲ ಅನ್ನ ಹಾಕಿಸಿಕೊಂಡರು. ನಾನು ದೇವರ ಕೋಣೆಯಲ್ಲಿ ಕೂತೆ. ಪೀಠದ ಮೇಲೆ ದೀಪದ ಕಂಬವಿಲ್ಲ, ಗಂಟೆಯಿಲ್ಲ, ಎಲ್ಲ ಹಿತ್ತಲಲ್ಲಿ. ಖಾಲಿ ಪೀಠ, ಶಿವ ಒಬ್ಬನೇ. ಸಂಬಂಧ ಉಳಿಸು ಎಂದು ಬೇಡಲಿಲ್ಲ. ಹುಡುಗ ಒಳ್ಳೆಯವನು, ಮಗಳು ಅವನನ್ನು ಮೆಚ್ಚಿದ್ದಾಳೆ, ಅದು ನಿನಗೆ ಗೊತ್ತಿದೆ ಎಂದು ಮಾತ್ರ ಹೇಳಿದೆ. ಅಲ್ಲಿಯೇ ಹಳೆಯ ಡಬ್ಬಿಯಲ್ಲಿ ಲಗ್ನಪತ್ರಿಕೆ ಇತ್ತು. ತೆಗೆದು ನೋಡಿದೆ. ಮೂಲೆಯ ಅರಿಶಿನ ಕಂದಿದೆ, ಬಿ.ಎ. ಎಂಬ ಕೆಂಪು ಅಕ್ಷರ ಇನ್ನೂ ಗಟ್ಟಿಯಾಗಿದೆ. ಹರಿಯೋಣವೆಂದುಕೊಂಡೆ. ಹರಿಯಲಿಲ್ಲ. ಅಪ್ಪ ಆಸೆಪಟ್ಟು ಹಾಕಿಸಿದ್ದು. ಅಪ್ಪ ಈಗಿಲ್ಲ.

ಮೂರೂವರೆಗೆ ಫೋನು ಬಂತು. ಬೀಗಿತ್ತಿಯೇ.

"ಇವ್ರಿಗೆ ಸಿಟ್ಟು ಬಂದಿದೆ, ನಿಮಗೆ ಸುಳ್ಳು ಯಾಕೆ ಹೇಳ್ಲಿ," ಎಂದೇ ಶುರು ಮಾಡಿದರು. "ನಮ್ಮ ಹುಡುಗ ಮಾತ್ರ, ಪರೀಕ್ಷೆ ಇದ್ದಾಗ ಮುಹೂರ್ತ ಇಡಿ ಅಂತ ನಿಮಗ್ಯಾರು ಹೇಳಿದ್ದು ಅಂತ ನಮ್ಮ ಮೇಲೇ ಕೂಗಾಡ್ದ. ಅವನಿಗೂ ಅವಳೇ ಫೋನ್ ಮಾಡಿದ್ಲಂತೆ."

ನನ್ನ ಮಗಳು ನನ್ನನ್ನು ಕಾದು ಕೂರಲಿಲ್ಲ. ಅದನ್ನು ಕೇಳಿ ಎದೆ ತುಂಬಿತು.

"ಮಾಘಕ್ಕೆ ನೋಡೋಣ," ಎಂದರು ಬೀಗಿತ್ತಿ. "ಆದ್ರೆ ಮಂಟಪ ಈ ಸಲ ನೀವೇ ಹುಡುಕ್ಬೇಕು. ನಾನು ಇನ್ನೊಂದ್ಸಲ ಆ ಮ್ಯಾನೇಜರ್ ಮುಂದೆ ಹೋಗಿ ನಿಲ್ಲಲ್ಲ."

"ಹುಡುಕ್ತೀವಿ ಅಕ್ಕಾ. ಶಿವಮೊಗ್ಗದಲ್ಲೇ ಹುಡುಕ್ತೀವಿ."

"ಇನ್ನೊಂದು. ಮಾಘದೊಳಗೆ ರಿಸಲ್ಟ್ ಬರ್ಲಿಲ್ಲ ಅಂದ್ರೆ?"

"ಬರೀ ಹೆಸರು ಹಾಕ್ಸೋಣ."

"ಬರೀ ಹೆಸರಾ? ಹುಡುಗಿ ಓದೇ ಇಲ್ಲ ಅನ್ಕೋತಾರೆ ಜನ."

"ಅನ್ಕೊಳ್ಳಲಿ ಅಕ್ಕಾ. ಓದಿದೀನಿ ಅಂತ ಅವಳಿಗೆ ಗೊತ್ತಿದ್ರೆ ಸಾಕು."

ಬೀಗಿತ್ತಿ ದನಿ ತಗ್ಗಿಸಿ, "ನಂದು ಎಸ್ಸೆಸ್ಸೆಲ್ಸಿ ಅಂತ ಹೇಳ್ತಾರೆ ನಮ್ಮನೇಲಿ," ಎಂದರು. ಅಷ್ಟೇ ಹೇಳಿ, "ಇಡ್ತೀನಿ, ಬರ್ತೀನಿ," ಎಂದರು. ನಾನೂ ಮುಂದೆ ಕೇಳಲಿಲ್ಲ.

ಯಜಮಾನರಿಗೆ ಹೇಳಿದೆ. ಅವರು ಕ್ಯಾಲೆಂಡರು ಮೊಳೆಗೆ ಸಿಕ್ಕಿಸಿ, "ಮಾಘದಲ್ಲಿ ಮಂಟಪ ಸಿಗೋದು ಅಷ್ಟು ಸುಲಭ ಅಲ್ಲ," ಎಂದು ಗೊಣಗುತ್ತ ಚಪ್ಪಲಿ ಹಾಕಿಕೊಂಡು ಹೊರಟರು. ಗೇಟಿನಿಂದ ತಿರುಗಿ ಬಂದು, "ದುರ್ಗಿಗುಡಿ ಕಡೆ ಒಂದಿದೆ, ವಿಚಾರಿಸ್ಕೊಂಡೇ ಬರ್ತೀನಿ," ಎಂದರು. ಅದೂ ಒಂದು ಪುಣ್ಯ.

ಹಿತ್ತಲಿಗೆ ಹೋದೆ. ಬೆಳಿಗ್ಗೆ ಬಳಿದ ಹುಣಸೆಹಣ್ಣು ಬಿಸಿಲಿಗೆ ಒಣಗಿ ದೀಪದ ಕಂಬದ ಮೇಲೆ ಕೆಂಪು ಕಲೆ ಕಟ್ಟಿತ್ತು. ಹೊತ್ತಿಗೆ ಸರಿಯಾಗಿ ತೊಳೆಯದಿದ್ದರೆ ಹಿತ್ತಾಳೆ ಹೀಗೆಯೇ ಮಾಡುತ್ತದೆ. ಮತ್ತೆ ಹುಣಸೆಹಣ್ಣು ನೆನೆ ಹಾಕಿದೆ, ಇನ್ನೊಂದು ಸುತ್ತು ತಿಕ್ಕಬೇಕು. ಅದು ನೆನೆಯುವಷ್ಟರಲ್ಲಿ ಮಗಳ ಬಸ್ಸಿನ ಹೊತ್ತಾಗುತ್ತದೆ. ಬರುವಾಗ ಅವಳಿಗೆ ಹಸಿವು, ಮಂಡಕ್ಕಿ ಒಗ್ಗರಣೆ ಕೇಳುತ್ತಾಳೆ. ಕೈ ತೊಳೆದು ಒಳಗೆ ಬಂದು ಈರುಳ್ಳಿ ಹೆಚ್ಚಲು ಕೂತೆ.